ಉಳಿದ ಹಾಪ್ಸ್‌ನಿಂದ ಪೇಲ್ ಏಲ್: ಬಳಕೆದಾರರ ಕೈಪಿಡಿ

ಮೊದಲು ಫ್ರೀಜರ್ ತೆರೆಯಿರಿ. ತೆಂಗಿನ ತುರಿ, ಕರಿಬೇವು, ಹೋದ ವರ್ಷದ ಅವರೆಕಾಳು ಇವೆಲ್ಲದರ ಹಿಂದೆ ರಬ್ಬರ್ ಬ್ಯಾಂಡ್ ಸುತ್ತಿದ ನಾಲ್ಕಾರು ಬೆಳ್ಳಿಬಣ್ಣದ ಪೊಟ್ಟಣಗಳು ಸಿಗುತ್ತವೆ. ಅವೇ ಹಾಪ್ಸ್, ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಸರಕು. ಅಮೆರಿಕದ ಅಂಗಡಿಗಳು ಇವನ್ನು 28 ಗ್ರಾಂ ಪೊಟ್ಟಣದಲ್ಲಿ ಮಾರುತ್ತವೆ, ರೆಸಿಪಿಗಳು 20 ಗ್ರಾಂ, 15 ಗ್ರಾಂ ಕೇಳುತ್ತವೆ. ಉಳಿಕೆ ಹುಟ್ಟುವುದೇ ಹೀಗೆ. “ರೀ, ಕರಿಬೇವಿಗೇ ಜಾಗ ಇಲ್ಲ, ಇದೇನಿದು ಹುಲ್ಲಿನ ಪುಡಿ?” ಎಂಬ ಪ್ರಶ್ನೆ ಬಂದರೆ ಈ ಕೈಪಿಡಿ ನಿಮ್ಮ ಪರ ನಿಲ್ಲುವುದಿಲ್ಲ. “ಈ ಶನಿವಾರ ಖಾಲಿ ಮಾಡ್ತೀನಿ” ಎಂದು ಹೇಳಿ ಮುಂದಿನ ಪ್ಯಾರಾಕ್ಕೆ ಬನ್ನಿ.

ಎಚ್ಚರಿಕೆ: ಇದು ಪೋರ್ಟ್‌ಲ್ಯಾಂಡಿನ ಗ್ಯಾರೇಜಿಗೆ ಬರೆದ ಕೈಪಿಡಿ, ಬಸವನಗುಡಿಯ ಅಡುಗೆಮನೆಗಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸಿದರೆ ಅಬಕಾರಿಯವರು ಬರುತ್ತಾರೆ. ಅಮೆರಿಕದಲ್ಲೂ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆಯೇ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಕೇಂದ್ರ ಕಾನೂನಿನ ಒಪ್ಪಿಗೆ ಸಿಕ್ಕಿದ್ದು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಲು 2013 ಆಗಬೇಕಾಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಿತಿ. ಮಾರುವಂತಿಲ್ಲ. ಇನ್ನೊಬ್ಬ ವಯಸ್ಕರ ಹೆಸರಿನಲ್ಲಿ ಸಿಕ್ಕ ಆ 100 ಗ್ಯಾಲನ್ ವಿಷಯವನ್ನು ಅವರ ಮುಂದೆ ಎತ್ತದಿರುವುದು ಕ್ಷೇಮ.

ಈಗ ಒಂದೊಂದೇ ಪೊಟ್ಟಣ ಬಿಚ್ಚಿ ಮೂಸಿ. ಕ್ಯಾಸ್ಕೇಡ್ ಆದರೆ ಚಕ್ಕೋತದ ಸಿಪ್ಪೆಯ ಘಮ ಬರಬೇಕು. ಒರೆಗಾನ್‌ನ ಕೊರ್ವಾಲಿಸ್‌ನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ ಇದು. 1980ರಲ್ಲಿ ಸಿಯೆರಾ ನೆವಾಡಾ ಬಿಯರ್ ಕಂಪನಿಯವರು ಇದನ್ನು ಹಾಕಿ ಮಾಡಿದ ಪೇಲ್ ಏಲ್‌ನಿಂದಲೇ ಅಮೆರಿಕನ್ನರ ನಾಲಿಗೆಗೆ ಈ ಚಕ್ಕೋತದ ರುಚಿ ಹತ್ತಿದ್ದು. ಚಿನೂಕ್ ಪೈನ್ ಮರದ ಅಂಟಿನಂತೆ, ಸಿಟ್ರಾ ಮಾವು ನಿಂಬೆಗಳಂತೆ ಮೂಗಿಗೆ ಬಡಿಯುತ್ತವೆ. ಹಳೇ ಚೀಸ್ ಅಥವಾ ಬೆವರಿದ ಕಾಲುಚೀಲದ ನಾತ ಬಂದರೆ ಅದು ಯಾವ ತಳಿಯಾಗಿದ್ದರೂ ಕಸದ ಬುಟ್ಟಿಗೆ. ಕಾಂಪೋಸ್ಟ್ ಗುಂಡಿಗೆ ಬೇಡ: ಹಾಪ್ಸ್ ತಿಂದ ನಾಯಿಯ ಮೈ ಸುಡುವಷ್ಟು ಜ್ವರವೇರಿ ಜೀವವೇ ಹೋಗಬಹುದು.

ಮೂಸಿದ್ದಾಯಿತು. ಈಗ 70 ಗ್ರಾಂ ಹಾಪ್ಸ್ ಉಳಿಸಲಿಕ್ಕಾಗಿ 4 ಕಿಲೋ ಬಾರ್ಲಿ ಮಾಲ್ಟ್ ಮತ್ತು ಒಂದು ಪ್ಯಾಕೆಟ್ ಯೀಸ್ಟ್ ಕೊಂಡು ತನ್ನಿ. ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ ಅನ್ನುವವರು ಅನ್ನಲಿ. ರಸೀದಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಹಳೇ ಡಬ್ಬಿಯ ತಳದಲ್ಲಿರುವ 300 ಗ್ರಾಂ ಕ್ರಿಸ್ಟಲ್ ಮಾಲ್ಟನ್ನೂ ಸೇರಿಸಿ, ಅದನ್ನು ಅಗಿದಾಗ ಕರುಂ ಎಂದರೆ. ಮೆತ್ತಗಿದ್ದರೆ ಹಕ್ಕಿಗಳಿಗೆ.

ಪುಡಿ ಮಾಡಿದ ಮಾಲ್ಟನ್ನು 67 ಡಿಗ್ರಿ ಸೆಲ್ಸಿಯಸ್‌ನ ನೀರಲ್ಲಿ ಒಂದು ಗಂಟೆ ನೆನೆಹಾಕಿ ಸೋಸಿ. ಬಂದ ಸಿಹಿನೀರನ್ನು ಇನ್ನೊಂದು ಗಂಟೆ ಕುದಿಸಿ.

ಕುದಿಯುವ ಪಾತ್ರೆ ಕಂಡ ಕೂಡಲೇ ಇದ್ದಬದ್ದ ಪೊಟ್ಟಣಗಳನ್ನೆಲ್ಲ ಸುರಿದು ಕೈ ತೊಳೆದುಕೊಳ್ಳುವ ಆಸೆಯಾಗುತ್ತದೆ. ಕೂಡದು. ಹಾಪ್ಸ್‌ನ ಆಲ್ಫಾ ಆಮ್ಲಗಳು ಬಹಳ ಹೊತ್ತು ಕುದ್ದು ರೂಪ ಬದಲಿಸಿದರೇನೇ ಕಹಿ ಕೊಡುವುದು. ಪರಿಮಳದ ಎಣ್ಣೆಗಳಾದರೋ ಅದೇ ಹಬೆಯಲ್ಲಿ ಹಾರಿಹೋಗಿ ಪಕ್ಕದ ಮನೆಯವರ ಪಾಲಾಗುತ್ತವೆ. ಆದ್ದರಿಂದ ಮುಪ್ಪಾದ, ಘಮ ತಗ್ಗಿದ ಪೊಟ್ಟಣಕ್ಕೆ ಮೊದಲ ಕುದಿಯ ಕೆಲಸ ಕೊಡಿ: 20 ಗ್ರಾಂ ಚಿನೂಕ್ ಸಾಕು. ಚೆನ್ನಾಗಿರುವುದನ್ನು ಒಲೆ ಆರಿಸುವ ಹೊತ್ತಿಗೆ ಹಾಕಿ. ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಮುಟ್ಟಲೇಬೇಡಿ, ಅದಕ್ಕೆ ಬೇರೆ ಕೆಲಸವಿದೆ.

ಪಾತ್ರೆಯನ್ನು ಬೇಗನೆ 20 ಡಿಗ್ರಿಗೆ ತಣಿಸಿ. ಇಲ್ಲಿಂದ ಮುಂದೆ ತಾಗುವ ಸೌಟು, ಕೊಳವೆ, ಮುಚ್ಚಳ ಎಲ್ಲವೂ ಮಡಿಯಲ್ಲಿರಬೇಕು, ಸ್ಯಾನಿಟೈಸರ್ ಮಡಿ. ಸುಮಾರು 19 ಲೀಟರನ್ನು ಬಕೆಟ್‌ಗೆ ಸುರಿದು ಯೀಸ್ಟ್ ಉದುರಿಸಿ, ಮೇಲೆ ಧಾರಾಳವಾಗಿ ಜಾಗ ಬಿಡಿ. ಇಲ್ಲವಾದರೆ ಎರಡನೇ ರಾತ್ರಿ ಅದು ಬೇಸಿಗೆಯ ದೋಸೆಹಿಟ್ಟಿನಂತೆ ಮುಚ್ಚಳ ಎತ್ತಿಕೊಂಡು ನೆಲಕ್ಕಿಳಿಯುತ್ತದೆ. ವಾರ ಕಳೆದು ಗುಳುಗುಳು ಶಬ್ದ ತಗ್ಗಿದ ಮೇಲೆ, ತೆಗೆದಿಟ್ಟ ಆ ಒಳ್ಳೆಯ ಹಾಪ್ಸನ್ನು ಬಕೆಟ್‌ಗೆ ಹಾಕಿ ಮೂರು ದಿನ ಬಿಡಿ. ಬಿಯರಿನ ಘಮ ಮುಕ್ಕಾಲು ಪಾಲು ನಿಂತಿರುವುದು ಇದರ ಮೇಲೆ ಎಂಬುದು ನನ್ನ ಹಠ. ತಾಳ್ಮೆಗೆಟ್ಟು ದಿನಕ್ಕೆರಡು ಸಲ ಮುಚ್ಚಳ ತೆಗೆದು ಮೂಸಬೇಡಿ. ಪ್ರತಿ ಸಲವೂ ಒಳಗೆ ಹೋಗುವ ಆಮ್ಲಜನಕ ಆ ಘಮವನ್ನೇ ತಿನ್ನುತ್ತದೆ.

ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ, 1.012ರ ಆಸುಪಾಸು ತೋರಿಸಿದ ಮೇಲೆಯೇ 115 ಗ್ರಾಂ ಸಕ್ಕರೆ ಕರಗಿಸಿ ಬೆರೆಸಿ ಬಾಟಲಿಗೆ ತುಂಬಿ. ಅವಸರ ಮಾಡಿದರೆ ಬಾಟಲಿ ಸಿಡಿಯುತ್ತದೆ, ಗಾಜು ಗೋಡೆಗೆ ನಾಟುತ್ತದೆ. ಇದು ತಮಾಷೆಯ ಸಾಲಲ್ಲ. ಕಂದು ಬಾಟಲಿಯೇ ಇರಲಿ, ಬಿಸಿಲು ತಾಗಿದ ಹಾಪ್ಸ್ ಬಿಯರ್‌ಗೆ ಸ್ಕಂಕ್ ಪ್ರಾಣಿಯ ವಾಸನೆ ಬರುತ್ತದೆ.

ದೋಷ ನಿವಾರಣೆ: ಕಹಿ ಹೆಚ್ಚಾದರೆ ಐಪಿಎ ಎಂದು ಕರೆಯಿರಿ. ಬಣ್ಣ ಕೆಂಪಾದರೆ ಆಂಬರ್ ಏಲ್. ಮಬ್ಬಾಗಿದ್ದರೆ ಹೇಜಿ, ಬೆಲೆಯೂ ಜಾಸ್ತಿ. ಯಾರಾದರೂ ಮೆಚ್ಚಿ ಇದನ್ನೇ ಇನ್ನೊಮ್ಮೆ ಮಾಡಿ ಎಂದರೆ, ಇದು ಸೀಮಿತ ಆವೃತ್ತಿ ಎನ್ನಿ. ಬೇಡದೆ ಹುಳಿ ಹಿಡಿದಿದ್ದರೆ ಮಾತ್ರ ಸುಮ್ಮನೆ ಚೆಲ್ಲಿಬಿಡಿ, ಬೇಕೆಂದೇ ಹುಳಿ ಬಿಯರ್ ಮಾಡುವ ಬೆಲ್ಜಿಯಂನವರ ಹೆಸರು ಕೆಡಿಸಬೇಡಿ.