ಒಂದ್ ಸ್ಕ್ರೂ ಹಾಕ್ಕೊಡಿ

ಹೊಸ ಫ್ರೇಮು ಇಲ್ಲ ಅಂದರೆ ಗಿರಾಕಿ ಬೇಜಾರು ಮಾಡಿಕೊಳ್ಳುವುದಿಲ್ಲ. "ತರಿಸಿಡಿ, ಸಂತೆ ದಿನ ಬರ್ತೀನಿ" ಅಂತ ಹೇಳಿ ಹೋಗುತ್ತಾನೆ. ಸ್ಕ್ರೂ ಇಲ್ಲ ಅಂದು ನೋಡಿ. ಕಪಾಟು, ಅದರೊಳಗಿನ ದೀಪ, ಗೋಡೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಿರುವ ನಟಿ, ಕೊನೆಗೆ ನಾನು, ಹೀಗೆ ಎಲ್ಲವನ್ನೂ ಒಂದು ಸುತ್ತು ನೋಡಿ, "ಇಷ್ಟು ದೊಡ್ಡ ಅಂಗಡಿ ಇಟ್ಕಂಡು ಒಂದು ಸ್ಕ್ರೂ ಇಲ್ವಾ ಸ್ವಾಮಿ?" ಅನ್ನುತ್ತಾನೆ. ಪಕ್ಕದ ಬೇಕರಿಯವರೆಗೂ ಕೇಳಿಸುವ ಹಾಗೆ. ತಿಪಟೂರಿನಂಥ ಊರಲ್ಲಿ ಕನ್ನಡಕದಂಗಡಿಯವನ ಮಾನ ಇರುವುದು ಕೌಂಟರಿನ ಕೆಳಗಿನ ಡ್ರಾಯರಿನಲ್ಲಿ.

ಆ ಡ್ರಾಯರಿನಲ್ಲಿ ಏನೇನು ಇಟ್ಟುಕೊಳ್ಳಬೇಕು ಅನ್ನುವುದನ್ನು ಯಾವ ಕೋರ್ಸಿನಲ್ಲೂ ಸರಿಯಾಗಿ ಹೇಳಿಕೊಡುವುದಿಲ್ಲ. ಹೊಸದಾಗಿ ಈ ವ್ಯಾಪಾರಕ್ಕೆ ಇಳಿದವರು ಮೊದಲು ಕೊಳ್ಳುವುದು ಅಸಾರ್ಟೆಡ್ ಡಬ್ಬ. ಪಾರದರ್ಶಕ ಪ್ಲಾಸ್ಟಿಕ್ಕು, ಒಳಗೆ ಪುಟ್ಟ ಪುಟ್ಟ ಮನೆಗಳು, ಮನೆಗೊಂದು ಸೈಜು, ಎಲ್ಲ ಸೇರಿ ಸಾವಿರ ಸ್ಕ್ರೂ. ನೋಡಿದರೆ ಮೊಮ್ಮಕ್ಕಳ ಕಾಲದವರೆಗೂ ಯೋಚನೆಯಿಲ್ಲ ಅನ್ನಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ 1.4 ಮಿಲಿಮೀಟರಿನ ಮನೆಗಳು ಖಾಲಿ. 1.2ರವು ಅರ್ಧ. 1.6ರವು ಮಾತ್ರ ಗೃಹಪ್ರವೇಶವಾದಂದಿನಿಂದ ಒಬ್ಬರೂ ಆಚೆ ಹೋಗಿಲ್ಲ. ಕಡ್ಡಿಯ ಕೀಲಿಗಾಗಲಿ, ಗಾಜನ್ನು ಬಿಗಿಹಿಡಿಯುವ ರಿಮ್ಮಿಗಾಗಲಿ, ಹೆಚ್ಚಿನ ಫ್ರೇಮುಗಳು ಕೇಳುವುದು 1.4ನ್ನೇ. ತೂತಿನ ಥ್ರೆಡ್ಡು ಸವೆದುಹೋದ ಮುದಿ ಫ್ರೇಮುಗಳಿಗೆ 1.6 ಬೇಕಾಗುತ್ತದೆ, ನಿಜ. ಆದರೆ ಅಂಥ ಫ್ರೇಮಿನ ಯಜಮಾನರು ಅಷ್ಟರಲ್ಲಿ ಅದಕ್ಕೊಂದು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡು ನೆಮ್ಮದಿಯಾಗಿರುತ್ತಾರೆ. ಸರಿ, ಖಾಲಿಯಾದ ಸೈಜು ಮಾತ್ರ ತರೋಣ ಅಂತ ಬೆಂಗಳೂರಿನ ಚಿಕ್ಕಪೇಟೆಗೆ ಹೋದರೆ, "ಬಿಡಿ ಕೊಡಲ್ಲಣ್ಣ, ಡಬ್ಬ ತಗೊಳ್ಳಿ" ಅನ್ನುತ್ತಾರೆ. ಹೀಗೆ ಪ್ರತಿ ಡಬ್ಬದ ಜೊತೆಗೂ ಮನೆಗೆ ಇನ್ನಷ್ಟು 1.6 ಬಂದು ಸೇರುತ್ತದೆ.

ಯಾವ ಸಾಮಾನು ಇಡಬೇಕು ಅನ್ನುವುದನ್ನು ತೀರ್ಮಾನಿಸುವುದು ನಾನಲ್ಲ, ನಮ್ಮೂರಿನವರು ಕನ್ನಡಕದ ಜೊತೆ ನಡೆದುಕೊಳ್ಳುವ ರೀತಿ. ಮಂಡಿ ವರ್ತಕರಿಗೆ ಒಂದು ಕೈಯಲ್ಲಿ ಸದಾ ಫೋನೋ ಕೊಬ್ಬರಿ ಗಿಟುಕೋ ಇರುತ್ತದೆ. ಕನ್ನಡಕ ತೆಗೆಯಲು ಉಳಿದಿರುವುದು ಒಂದೇ ಕೈ. ಬಲಗಡ್ಡಿ ಹಿಡಿದು ಪಕ್ಕಕ್ಕೆ ಎಳೆದರೆ ಬಂತು. ದಿನಕ್ಕೆ ಐವತ್ತು ಸಲ ಹೀಗೆ ಎಳೆಸಿಕೊಂಡ ಕೀಲು ಎಷ್ಟು ದಿನ ತಾಳೀತು? ಎರಡು ಕೈಯಲ್ಲಿ ತೆಗೆಯಿರಿ ಅಂತ ಹೇಳಿದರೆ, "ಹಂಗಾದ್ರೆ ನೀವ್ಯಾಕಿರೋದು?" ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ.

ಮೇಷ್ಟ್ರುಗಳದು ಇನ್ನೊಂದು ಕಥೆ. ಉತ್ತರಪತ್ರಿಕೆ ನೋಡುವಾಗ ಅವರು ಯೋಚನೆ ಮಾಡುವುದು ಕಡ್ಡಿಯ ತುದಿಯನ್ನು ಕಚ್ಚಿಕೊಂಡು. ಕಿವಿಯ ಹಿಂದೆ ಕೂರುವ ಆ ಪ್ಲಾಸ್ಟಿಕ್ ಟಿಪ್ಪು ಮಾರ್ಚ್ ಕಳೆಯುವುದರೊಳಗೆ ಅಗಿದ ಕಬ್ಬಾಗಿರುತ್ತದೆ. ಟಿಪ್ಪು ಬರುವುದು ಜೋಡಿಯಲ್ಲಿ, ಮೇಷ್ಟ್ರು ಕಚ್ಚುವುದು ಒಂದೇ ಕಡೆ. ಎರಡನ್ನೂ ಬದಲಾಯಿಸಿ ಅಂದರೆ ಒಪ್ಪುವವರಲ್ಲ. "ಇದು ಚೆನ್ನಾಗೇ ಇದೆಯಲ್ರೀ" ಅಂತ ಇನ್ನೂ ಹಲ್ಲು ತಾಗದ ತುದಿಯನ್ನು ನನ್ನ ಕಣ್ಣಮುಂದೆ ಹಿಡಿಯುತ್ತಾರೆ. ಹೀಗೆ ಸಂಗಾತಿಯನ್ನು ಕಳೆದುಕೊಂಡ ಟಿಪ್ಪುಗಳಿಗಾಗಿ ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟಿದ್ದೇನೆ. ಕಪ್ಪು, ಕಂದು, ಆಮೆಚಿಪ್ಪಿನ ಬಣ್ಣ, ಒಂದು ನೇರಳೆ. ಆ ನೇರಳೆಯ ಜೊತೆಗಾರನನ್ನು ಕಚ್ಚಿದವರು ಯಾರು ಅನ್ನುವುದು ನನಗೆ ಗೊತ್ತು, ಹೇಳುವುದಿಲ್ಲ.

ನೋಸ್ ಪ್ಯಾಡುಗಳ ವಿಷಯಕ್ಕೆ ಬಂದರೆ ಡ್ರಾಯರಿನ ಅರ್ಧ ಜಾಗ ಅವುಗಳದೇ. ಸ್ಕ್ರೂ ಹಾಕುವವು ಬೇರೆ, ಒತ್ತಿದರೆ ಟಕ್ಕೆಂದು ಕೂರುವವು ಬೇರೆ. 11 ಮಿಲಿಮೀಟರು, 13, 15. ಸಿಲಿಕಾನು ಮೆತ್ತಗೆ, ಪಿವಿಸಿ ಗಟ್ಟಿ. ಎಲ್ಲವನ್ನೂ ಇಟ್ಟಿರಬೇಕು, ಖರ್ಚಾಗುವುದು ಮಾತ್ರ 13ರ ಸಿಲಿಕಾನೇ. ಕೊಬ್ಬರಿ ಊರಿನ ಮೂಗು ಬೇರೆ. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದು, ಹಣೆಯಿಂದ ಮೂಗಿಗಿಳಿದು, ಮೂಗಿನ ಮೇಲಿನ ಕನ್ನಡಕವನ್ನು ಇನ್ನೂ ಕೆಳಕ್ಕೆ ಕಳಿಸುತ್ತದೆ. ಎಣ್ಣೆಗೆ ಬೆವರು ಸೇರಿತೋ, ಬೆಳ್ಳಗಿದ್ದ ಪ್ಯಾಡು ಹಳದಿ. ಆಮೇಲೆ ಅದರ ಬುಡದಲ್ಲಿ ಹಸಿರು ಏಳುತ್ತದೆ. ಆಗ ಶುರುವಾಗುವುದು ಪಂಚಾಯ್ತಿ.

"ಚಿನ್ನದ ಪಾಲಿಶ್ ಅಂದ್ರಲ್ಲ, ಹಸಿರು ಯಾಕೆ ಬಂತು?"

ಫ್ರೇಮಿನ ಲೋಹದಲ್ಲಿ ತಾಮ್ರ ಬೆರೆತಿರುತ್ತದೆ, ಜರ್ಮನ್ ಸಿಲ್ವರ್ ಅನ್ನುತ್ತಾರಲ್ಲ, ಅದರಲ್ಲಂತೂ ಬೆಳ್ಳಿಯ ಹೆಸರೇ ಹೊರತು ಇರುವುದು ತಾಮ್ರ, ನಿಕ್ಕಲ್ಲು, ಸತು. ಪಾಲಿಶ್ ಸವೆದ ಕಡೆ ತಾಮ್ರಕ್ಕೆ ಬೆವರು ತಾಗಿದರೆ ದೇವರ ಮನೆಯ ತಂಬಿಗೆಗೆ ಹಿಡಿಯುವ ಕಿಲುಬೇ ಇಲ್ಲೂ ಹಿಡಿಯುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಕೊನೆಗೆ ಗಿರಾಕಿಯ ಮನಸ್ಸಿನಲ್ಲಿ ಉಳಿಯುವುದು ಒಂದೇ ಮಾತು: ಇವನು ತಂಬಿಗೆಯ ತಾಮ್ರವನ್ನು ಬೆಳ್ಳಿ ಅಂತ ಮಾರಿದ.

ಈ ವಿಚಾರದಲ್ಲಿ ಗಾಂಧೀಜಿ ಜಾಣರು. ಅವರ ದುಂಡು ಕನ್ನಡಕಕ್ಕೆ ಪ್ಯಾಡೇ ಇರಲಿಲ್ಲ, ಬಾಗಿದ ಸೇತುವೆ ನೇರ ಮೂಗಿನ ಮೇಲೇ ಕೂರುತ್ತಿತ್ತು. ಅವರದೆಂದು ಹೇಳಲಾದ ಒಂದು ಜೊತೆ 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2,60,000 ಪೌಂಡಿಗೆ ಹರಾಜಾಯಿತು. ಯಾರೋ ಅದನ್ನು ಬರೀ ಲಕೋಟೆಯಲ್ಲಿಟ್ಟು ಹರಾಜು ಮನೆಯ ಅಂಚೆಡಬ್ಬಿಗೆ ತುರುಕಿ ಹೋಗಿದ್ದರಂತೆ. ನಮ್ಮೂರಿನವರೂ ಹಾಗೇ. ಕರ್ಚೀಫಿನಲ್ಲಿ ಸುತ್ತಿ, ಜೇಬಿನ ಚಿಲ್ಲರೆಯ ಜೊತೆ ತಂದು ಕೌಂಟರಿನ ಮೇಲೆ ಸುರಿಯುತ್ತಾರೆ. ಅದರಲ್ಲಿ ಕನ್ನಡಕ ಯಾವುದು, ಚಿಲ್ಲರೆ ಯಾವುದು ಅಂತ ಆರಿಸಿಕೊಳ್ಳುವುದು ನನ್ನ ಕೆಲಸ.

ಅರ್ಧ ರಿಮ್ಮಿನ ಸುಪ್ರಾ ಫ್ರೇಮಿಗೆ ನೈಲಾನ್ ದಾರ, ರಿಮ್ಮೇ ಇಲ್ಲದ ತ್ರೀ ಪೀಸಿಗೆ ಬೋಲ್ಟು, ನಟ್ಟು, ವಾಷರು. ಇವುಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ವಾಷರು ಎಷ್ಟು ಸಣ್ಣದು ಅಂದರೆ ಅದನ್ನು ಸ್ಟಾಕಿನಲ್ಲಿದೆ ಅನ್ನುವುದೂ ಇಲ್ಲ ಅನ್ನುವುದೂ ಒಂದೇ.

ಸ್ಪ್ರಿಂಗ್ ಕೀಲಿನ ಬಗ್ಗೆ ಮಾತ್ರ ಹೇಳಲೇಬೇಕು. ಇದರ ಒಳಗಿನ ತುಣುಕನ್ನು ಸ್ಪ್ರಿಂಗು ಹಿಂದಕ್ಕೆ ಎಳೆದುಕೊಂಡು ಕೂತಿರುತ್ತದೆ. ಅದನ್ನು ಸೂಜಿಯಿಂದ ಹೊರಗೆಳೆದು ಹಿಡಿದುಕೊಂಡು, ಮೂರು ತೂತೂ ಒಂದೇ ಸಾಲಿಗೆ ಬಂದ ಗಳಿಗೆಯಲ್ಲಿ ಸ್ಕ್ರೂ ಇಳಿಸಬೇಕು. ಎರಡು ಕೈ ಸಾಲದು. ನನ್ನಾಕೆ ಬಂದು ಫ್ರೇಮು ಹಿಡಿಯುತ್ತಾಳೆ. ಸ್ಕ್ರೂಡ್ರೈವರಿನ ತುದಿಗೆ ಚೂರು ಮೇಣ ಸವರಿ, ಅದಕ್ಕೆ ಸ್ಕ್ರೂ ಅಂಟಿಸಿ, ತೂತಿನ ಹತ್ತಿರ ತರುತ್ತೇನೆ. "ರೀ, ಉಸಿರು ಬಿಡಬೇಡಿ" ಅನ್ನುತ್ತಾಳೆ ಅವಳು. ಅಷ್ಟರಲ್ಲಿ ಗಿರಾಕಿ ಬಗ್ಗಿ ನೋಡುತ್ತಾ "ಆಯ್ತಾ?" ಅಂದು ಉಸಿರು ಬಿಡುತ್ತಾನೆ. ಸ್ಕ್ರೂ ನೆಲಕ್ಕೆ. ಮೂವರೂ ಮಂಡಿಯೂರಿ ಹುಡುಕುತ್ತೇವೆ. ಗಿರಾಕಿಗೆ ಆಗ ಒಂದು ಉಪಾಯ ಹೊಳೆದೇ ಹೊಳೆಯುತ್ತದೆ: "ಅಯಸ್ಕಾಂತ ಇಲ್ವಾ?" ಇದೆ. ಅಯಸ್ಕಾಂತಕ್ಕೆ ಟಾಚಣಿ, ಸ್ಟೇಪ್ಲರ್ ಪಿನ್ನು, ಕಬ್ಬಿಣದ ಧೂಳು ಎಲ್ಲ ಅಂಟುತ್ತದೆ. ಈ ಸ್ಕ್ರೂಗಳೋ, ಬಹುಪಾಲು ಜರ್ಮನ್ ಸಿಲ್ವರಿನವು, ಇಲ್ಲವೇ ತುಕ್ಕು ಹಿಡಿಯದ ಸ್ಟೀಲಿನವು; ಅಯಸ್ಕಾಂತದ ಎದುರಲ್ಲಿ ಬಿದ್ದಿದ್ದರೂ ತಿರುಗಿ ನೋಡುವುದಿಲ್ಲ. ಇದಕ್ಕೆಂದೇ ಬಾಲ ಉದ್ದವಿರುವ ಸ್ಕ್ರೂ ಬಂದಿದೆ. ಚೂಪು ಬಾಲ ತಾನೇ ದಾರಿ ಹುಡುಕಿಕೊಂಡು ಮೂರು ತೂತನ್ನೂ ಸಾಲಿಗೆ ತರುತ್ತದೆ, ಬಿಗಿ ಮಾಡಿ ಬಾಲ ಮುರಿದರೆ ಮುಗಿಯಿತು. ದುಬಾರಿ. ಆದರೂ ಇಟ್ಟಿದ್ದೇನೆ, ಮಂಡಿನೋವಿನ ಮಾತ್ರೆಗಿಂತ ಅಗ್ಗ ಅಂತ.

ಹೊಸ ಸರಕಿಗಿಂತ ನನಗೆ ಹೆಚ್ಚು ಒದಗಿ ಬಂದಿರುವುದು ಸತ್ತ ಫ್ರೇಮುಗಳ ಬಿಸ್ಕತ್ತು ಡಬ್ಬ. ಹೊಸದು ಕೊಂಡವರು ಹಳೆಯದನ್ನು ಬಿಟ್ಟುಹೋಗುತ್ತಾರಲ್ಲ, ಅವುಗಳ ಕೀಲು, ಕಡ್ಡಿ, ಪ್ಯಾಡು ಹಿಡಿಯುವ ಕೈ ಎಲ್ಲವನ್ನೂ ಬಿಚ್ಚಿ ಇನ್ನೊಬ್ಬರಿಗೆ ಕೊಡುತ್ತೇನೆ. ನಮ್ಮೂರಿನ ಕಟ್ಟಾ ವೈರಿಗಳಿಬ್ಬರಲ್ಲಿ ಒಬ್ಬರ ಎಡಗಡ್ಡಿ ಈಗ ಇನ್ನೊಬ್ಬರ ಕಿವಿಯ ಮೇಲಿದೆ. ಇಬ್ಬರೂ ಹೋದ ವಾರ ಒಟ್ಟಿಗೇ ಬಂದಿದ್ದರು. ನಾನು ಬಹಳ ಹೊತ್ತು ತಲೆಯೆತ್ತಲಿಲ್ಲ.

ಇಷ್ಟೆಲ್ಲ ಮಾಡಿ ಸ್ಕ್ರೂ ಹಾಕಿಕೊಟ್ಟರೆ "ಎಷ್ಟಾಯ್ತು?" ಅಂತ ಕೇಳುವಾಗಲೇ ಕನ್ನಡಕ ಮೂಗಿಗೇರಿರುತ್ತದೆ, ಕಾಲು ಮೆಟ್ಟಿಲಿಗೆ ಇಳಿದಿರುತ್ತದೆ. ಹತ್ತು ರೂಪಾಯಿ ಅಂದರೆ "ಒಂದು ಸ್ಕ್ರೂಗಾ?" ಬೇಡ ಅಂದರೆ "ದೊಡ್ಡ ಮನಸ್ಸು ನಿಮ್ದು". ದೊಡ್ಡ ಮನಸ್ಸನ್ನು ಚಿಕ್ಕಪೇಟೆಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಮೊನ್ನೆ ಒಬ್ಬ ಹುಡುಗ ಆನ್‌ಲೈನಿನಲ್ಲಿ ತರಿಸಿದ ಫ್ರೇಮು ತಂದ. "ಅಂಕಲ್, ನಿಮ್ಮಲ್ಲಿ ರೇಟು ಜಾಸ್ತಿ ಅಂತ ಅಲ್ಲಿ ತಗೊಂಡೆ. ಒಂದ್ ಸ್ಕ್ರೂ ಹಾಕ್ಕೊಡಿ." ಈ ಸತ್ಯಸಂಧತೆಗೆ ಮೆಚ್ಚಿ ಹಾಕಿಕೊಟ್ಟೆ. ಹೋಗುವಾಗ, "ಇನ್ನೆರಡು ಕೊಟ್ಟಿರಿ ಅಂಕಲ್, ಮನೇಲಿರ್ಲಿ" ಅಂದ. ಅವನ ಅಂಗೈಗೆ ಎರಡು 1.6 ಹಾಕಿ ಕಳಿಸಿದೆ.

ಜರ್ಮನಿಯ ಐಸಿ ಬರ್ಲಿನ್‌ನವರು, ಡೆನ್ಮಾರ್ಕಿನ ಲಿಂಡ್‌ಬರ್ಗ್‌ನವರು ಸ್ಕ್ರೂ ಇಲ್ಲದ ಕೀಲಿನ ಫ್ರೇಮನ್ನೇ ಮಾಡುತ್ತಾರೆ. ಅಂಥದ್ದನ್ನು ಮಾರಿದರೆ ಈ ಕಾಟವೇ ಇರುವುದಿಲ್ಲ ಅಂತ ನನ್ನ ಅಳಿಯ ಹೇಳಿದ. ಬೆಲೆ ಕೇಳಿದೆ. ಸ್ಕ್ರೂನೇ ವಾಸಿ ಅನ್ನಿಸಿತು.

ಈ ತಿಂಗಳ ಸಾಮಾನಿಗೆ ನಿನ್ನೆ ಸಗಟು ಅಂಗಡಿಗೆ ಫೋನು ಮಾಡಿದೆ. ಹದಿಮೂರರ ಸಿಲಿಕಾನು, ಸುಪ್ರಾ ದಾರ, ಕಪ್ಪು ಟಿಪ್ಪು, ಎಲ್ಲಕ್ಕೂ ಹೂಂ ಅಂದರು. "1.4 ಬಿಡಿ ಕೊಡಲ್ಲ, ಗೊತ್ತು. ಡಬ್ಬಾನೇ ಕಳಿಸಿ" ಅಂದೆ.

"ಡಬ್ಬ ಇದೆಯಣ್ಣ. ಆದ್ರೆ ಅದರಲ್ಲಿ 1.4 ಖಾಲಿ. ಎಲ್ರೂ ಅದನ್ನೇ ಕೇಳ್ತಾರೆ. ಆ ಮನೆಗಳಿಗೂ 1.6 ತುಂಬಿ ಕಳಿಸ್ಲಾ?"