ಲಿಂಕ್ ಕಳಿಸೀನಿ, ನೋಡ್ರಿ

ಒಳ್ಳೆಯದೊಂದನ್ನು ಓದಿ, ಫೋನ್ ಪಕ್ಕಕ್ಕಿಟ್ಟು, ಸುಮ್ಮನೆ ಮಗ್ಗುಲಾಗಿ ನಿದ್ದೆ ಹೋಗುವ ಪುಣ್ಯಾತ್ಮರು ಲೋಕದಲ್ಲಿ ಇದ್ದಾರಂತೆ. ನಾನಂತೂ ಕಂಡಿಲ್ಲ. ನೀವೂ ಆ ಪೈಕಿಯಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಓದಿದ್ದು ಚೆನ್ನಾಗಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ರಾತ್ರಿ ಒಂದು ಗಂಟೆಯಾದರೂ ಸರಿ, ಯಾರಿಗಾದರೂ ಹೇಳಲೇಬೇಕು. ಮೊದಲೆಲ್ಲ ಹೆಂಡತಿಯನ್ನು ಎಬ್ಬಿಸುತ್ತಿದ್ದೆ. ಈಗ ಎಬ್ಬಿಸಿದರೂ ಏಳುವುದಿಲ್ಲ.

ಈ ಹುಚ್ಚು ಹತ್ತಿದ್ದು ಬ್ಲಾಗುಗಳಿಂದ. ರಾಯಚೂರಿನ ಬೇಸಿಗೆ ನಿಮಗೆ ಗೊತ್ತು. ಬಿಸಿಲು ನಲವತ್ತು ದಾಟಿತೆಂದರೆ ತೀನ್ ಕಂದೀಲಿನಲ್ಲಿ ನಾಯಿ ಕೂಡ ಅಡ್ಡಾಡುವುದಿಲ್ಲ. ಅಂಥ ಮಧ್ಯಾಹ್ನಗಳಲ್ಲಿ ಕೂಲರಿನ ಮುಂದೆ ಕೂತು, ಬೇಂದ್ರೆ ಕವನ ಅರ್ಥವಾಗದೆ ‘ಸಲ್ಲಾಪ’ಕ್ಕೆ ಹೋದವನು, ಅಲ್ಲಿಂದ ‘ಮೌನಗಾಳ’ಕ್ಕೆ ಸಿಕ್ಕಿಬಿದ್ದು, ‘ಮೈಸೂರು ಪೋಸ್ಟ್’ ಹೊಕ್ಕು, ‘ಇಟ್ಟಿಗೆ ಸಿಮೆಂಟು’ ಮುಟ್ಟುವಷ್ಟರಲ್ಲಿ ಹೊರಗೆ ಕತ್ತಲಾಗಿರುತ್ತಿತ್ತು. 2007-08ರ ಆಸುಪಾಸಿನಲ್ಲಿ ಯೂನಿಕೋಡ್ ಕನ್ನಡ ಕೈಗೆ ಬಂದದ್ದೇ ತಡ, ಮೇಷ್ಟ್ರು, ಎಂಜಿನಿಯರು, ಗೃಹಿಣಿ, ಬ್ಯಾಂಕಿನವರು ಎನ್ನದೆ ಎಲ್ಲರೂ ಬ್ಲಾಗಿಗೆ ಇಳಿದಿದ್ದರು. ಆಮೇಲೆ ಫೇಸ್‌ಬುಕ್ ಬಂದು ಅವರಲ್ಲಿ ಬಹಳ ಜನರನ್ನು ಹೊತ್ತುಕೊಂಡು ಹೋಯಿತು. ‘ಬಹಳ ದಿನ ಬರೆಯಲಾಗಲಿಲ್ಲ, ಕ್ಷಮಿಸಿ, ಇನ್ನು ಮೇಲೆ ವಾರಕ್ಕೊಂದು ಗ್ಯಾರಂಟಿ’ ಎಂದು ಮಾತು ಕೊಟ್ಟು, ಅಂದಿನಿಂದ ನಾಪತ್ತೆಯಾದ ಬ್ಲಾಗುಗಳೆಂದರೆ ನನಗೆ ವಿಶೇಷ ಪ್ರೀತಿ. ನಾನು ವಾಕಿಂಗ್ ಶುರು ಮಾಡುವುದೂ ಅದೇ ಗ್ಯಾರಂಟಿಯ ಮೇಲೆ.

ಮೊದಲು ಎಡವಿದ್ದು ಅಂಥದ್ದೊಂದರಲ್ಲೇ. ಒಬ್ಬರು ತಮ್ಮ ಹೆಂಡತಿ ಬಸುರಿಯಾದ ಸಂಭ್ರಮವನ್ನು ಎಷ್ಟು ಚೆಂದ ಬರೆದಿದ್ದರೆಂದರೆ ನನ್ನ ಕಣ್ಣು ತೇವವಾಗಿ, ‘ತಾಯಿಯವರು ಭಾರ ಎತ್ತದಿರಲಿ, ಮಗು ಸುಖವಾಗಿ ಹುಟ್ಟಲಿ’ ಎಂದು ಉದ್ದಕ್ಕೆ ಹರಸಿ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು: ‘ಧನ್ಯವಾದಗಳು ಸರ್. ಅವನು ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ.’ ನಾನು ತಾರೀಖು ನೋಡಿರಲಿಲ್ಲ.

ಇರಲಿ, ಅದು ಪರಊರಿನವರ ಮುಂದೆ ಹೋದ ಮಾನ. ಮುಂದಿನದು ಮನೆಯೊಳಗೇ ಹೋಯಿತು. ಪ್ರಕಾಶ್ ಹೆಗಡೆಯವರ ‘ಇಟ್ಟಿಗೆ ಸಿಮೆಂಟು’ ನಗಿಸುವ ಬ್ಲಾಗು. ದೇವದುರ್ಗದಲ್ಲಿರುವ ನಮ್ಮ ಕಾಕಾನ ಮಗನಿಗೆ ‘ಇಟ್ಟಿಗೆ ಸಿಮೆಂಟು ನೋಡು, ಭಾಳ ಚಂದ ಐತಿ, ಬಿಡಬ್ಯಾಡ’ ಎಂದಷ್ಟೇ ಬರೆದು ಕಳಿಸಿದೆ. ಅವನು ಆಗ ಮನೆ ಕಟ್ಟಿಸುತ್ತಿದ್ದ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ಬೆಳಗ್ಗೆ ಫೋನು. ‘ಅಣ್ಣಾ, ಸಾವಿರಕ್ಕ ಎಷ್ಟಂತ? ಲಾರಿ ಬಾಡಿಗಿ ಅವರದೋ ನಮ್ಮದೋ?’ ಪಾಪ, ನನ್ನ ಮಾತು ನಂಬಿ ಭಟ್ಟಿಯವನಿಗೆ ಕೊಟ್ಟ ಆರ್ಡರನ್ನೂ ತಡೆಹಿಡಿದಿದ್ದ. ‘ಅದು ಓದೂ ಇಟ್ಟಿಗಿ’ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಕೂಲರಿನ ಮುಂದೆಯೂ ಬೆವರು.

ಲಿಂಕಿನ ಸಹವಾಸವೇ ಬೇಡ, ಕಾಗದವೇ ಮೇಲು ಎಂದು ಬುದ್ಧಿ ಓಡಿಸಿದೆ. ಮಾನ್ವಿಯಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ, ನಿವೃತ್ತ ಕನ್ನಡ ಮೇಷ್ಟ್ರು, ಪರದೆಯ ಮೇಲೆ ಒಂದಕ್ಷರ ಓದುವವರಲ್ಲ. ಮಂಗಳೂರಿನಲ್ಲಿ 2012ರವರೆಗೆ ಅತ್ರಿ ಬುಕ್ ಸೆಂಟರ್ ನಡೆಸಿದ ಜಿ.ಎನ್. ಅಶೋಕವರ್ಧನರ ಕಾಡು-ಬೆಟ್ಟದ ಬರಹಗಳನ್ನು ಅವರಿಗೆ ಮುಟ್ಟಿಸಬೇಕೆನಿಸಿತು. ಮಾನ್ವಿಯ ಝೆರಾಕ್ಸ್ ಅಂಗಡಿಯಲ್ಲಿ ‘ಎಲ್ಲಾ ಹೊಡೀರಿ’ ಎಂದು ಹೇಳಿ, ಮಂಡಾಳ ಒಗ್ಗರಣಿ, ಮಿರ್ಚಿ ತಿಂದು, ಚಹಾ ಕುಡಿದು ಬಂದರೆ ಮಷೀನು ಇನ್ನೂ ಉಗುಳುತ್ತಲೇ ಇತ್ತು. ಲೇಖನ, ಅದರ ಕೆಳಗಿನ ಪ್ರತಿಕ್ರಿಯೆಗಳು, ಪ್ರತಿಕ್ರಿಯೆಗೆ ಬಂದ ಪ್ರತಿಕ್ರಿಯೆಗಳು, ಬಣ್ಣದ ಕಾಡೆಲ್ಲ ಕಪ್ಪಾಗಿ ಬಂದ ಫೋಟೋಗಳು. ದುಡ್ಡು ಸಾಲದೆ ಫೋನ್‌ಪೇ ತೆಗೆದೆ, ನೆಟ್‌ವರ್ಕ್ ಇಲ್ಲ. ಅಂಗಡಿಯವರು ನನ್ನ ಮುಖ ನೋಡಿ ಉದ್ರಿ ಬರೆದುಕೊಂಡರು.

ಕಟ್ಟು ಹೊತ್ತು ಹೋದೆ. ದೊಡ್ಡಪ್ಪ ಕಪ್ಪು ಫೋಟೋ ಬೆಳಕಿಗೆ ಹಿಡಿದು ‘ಇದು ಅಡವಿಯೇನೋ, ಅಮಾಸಿ ರಾತ್ರಿಯೇನೋ?’ ಎಂದರು. ಆದರೂ ಒಂದು ಹಾಳೆ ಬಿಡದೆ ಓದಿದರು. ವಾರ ಬಿಟ್ಟು ಕಟ್ಟು ನನಗೇ ವಾಪಸು ಬಂತು. ಪ್ರತಿಕ್ರಿಯೆಗಳಲ್ಲಿದ್ದ ಕಾಗುಣಿತ ತಪ್ಪುಗಳಿಗೆಲ್ಲ ಕೆಂಪು ಶಾಯಿ. ‘ಈ ಮಂದಿಗೆಲ್ಲ ಮುಟ್ಟಿಸು’ ಎಂಬ ಚೀಟಿ ಬೇರೆ. ಮೊದಲ ಹಾಳೆಯ ಮೇಲೆ ನಾನು ಬರೆದಿದ್ದ ‘ಪ್ರೀತಿಯ ದೊಡ್ಡಪ್ಪನವರಿಗೆ’ ಎಂಬ ಒಂದು ಸಾಲಿನಲ್ಲೂ ಎರಡು ತಪ್ಪು ಹಿಡಿದಿದ್ದರು.

ಇದರ ಮುಂದಿನದನ್ನು ಬೇಗ ಹೇಳಿ ದಾಟುತ್ತೇನೆ. ಬಂಧುಗಳ ವಾಟ್ಸಾಪ್ ಗ್ರೂಪಿನಲ್ಲಿ ಹಿರಿಯರೊಬ್ಬರು ತೀರಿಹೋದ ಸುದ್ದಿ ಬಿದ್ದ ಕ್ಷಣಕ್ಕೆ ಸರಿಯಾಗಿ, ಮೇಲಿನದನ್ನು ನೋಡದೆ ನಾನೊಂದು ಲಿಂಕ್ ಹಾಕಿದೆ. ಜೊತೆಗೆ ‘ನಕ್ಕು ನಕ್ಕು ಹೊಟ್ಟಿ ಹುಣ್ಣಾತು, ಎಲ್ಲಾರೂ ನೋಡ್ರಿ!’ ಎಂಬ ಒಕ್ಕಣೆ. ಗಾಬರಿಯಲ್ಲಿ ಅಳಿಸಲು ಹೋಗಿ ನನ್ನ ಫೋನಿನಲ್ಲಿ ಮಾತ್ರ ಅಳಿಸಿದೆ. ಅಂದರೆ, ಅದನ್ನು ಕಾಣದವನು ಇಡೀ ಬಳಗದಲ್ಲಿ ನಾನೊಬ್ಬನೇ.

ಇಷ್ಟಾದರೂ ದೇವದುರ್ಗದ ಗೆಳೆಯರು ನನ್ನನ್ನು ಒಂದು ಸಾಹಿತ್ಯ ಗೋಷ್ಠಿಗೆ ಕರೆದರು. ವಿಷಯ, ಅಂತರ್ಜಾಲದಲ್ಲಿ ಕನ್ನಡ ಬರಹ. ಗಬ್ಬೂರಿನ ದಾರಿಯಲ್ಲಿ ಬಸ್ಸಿನಲ್ಲೇ ಭಾಷಣ ಕಟ್ಟಿದೆ, ಚೆನ್ನಾಗಿಯೇ ಬಂತು. ‘ಬ್ಲಾಗು ನಮಗೆ ಹೊಸದಲ್ರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಮಸ್ಕಿಗೆ ಬಂದ, ಸಿಕ್ಕಿದ್ದು ಶಾಸನ. ಅಲ್ಲಿಯವರೆಗೆ ಬರೀ ದೇವಾನಾಂಪ್ರಿಯ ಎಂಬ ಬಿರುದಿನಲ್ಲಿ ಬರೆಯುತ್ತಿದ್ದ ಅನಾಮಿಕ ಬ್ಲಾಗರ್ ಯಾರೆಂದರೆ ಅಶೋಕ ಎಂದು ನಮ್ಮ ಜಿಲ್ಲೆಯ ಬಂಡೆ ಬಾಯಿಬಿಟ್ಟಿತು. ನಿಮ್ಮದೇ ತಾಲೂಕಿನ ಮೊಸರಕಲ್ಲಿನ ದಾಸರಿಗೆ ಗೋಪಾಲವಿಠಲ, ಮಾನ್ವಿಯ ದಾಸರಿಗೆ ಜಗನ್ನಾಥವಿಠಲ, ಇವು ಅಂಕಿತಗಳಲ್ಲದೆ ಮತ್ತೇನು? ಇವತ್ತಿನ ಐಡಿಗಳೇ!’ ಚಪ್ಪಾಳೆ ಬಿತ್ತು. ಅಲ್ಲಿಗೇ ಕೂತಿದ್ದರೆ ನನ್ನ ಹಣೆಬರಹ ಬೇರೆಯಾಗುತ್ತಿತ್ತು.

‘ಈಗ ನನಗೆ ಬಾಳು ಕಲಿಸಿದ ಒಂದು ಬ್ಲಾಗನ್ನು ನಿಮಗೆ ತೋರಿಸುತ್ತೇನೆ’ ಎಂದು ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ ಒತ್ತಿದೆ. ಸ್ವಂತ ವಿಳಾಸ ಇಟ್ಟುಕೊಂಡಿದ್ದ ಬ್ಲಾಗು ಅದು. ಅಂಥ ವಿಳಾಸಕ್ಕೆ ವರ್ಷಾ ವರ್ಷ ದುಡ್ಡು ಕಟ್ಟಬೇಕು, ಕಟ್ಟದಿದ್ದರೆ ಯಾರು ಬೇಕಾದರೂ ಕೊಳ್ಳಬಹುದು ಎಂಬ ಜ್ಞಾನ ನನಗೆ ಉದಯಿಸಿದ್ದು ಅದೇ ಕ್ಷಣ. ಗೋಡೆಯ ತುಂಬ ಇಸ್ಪೀಟು ಎಲೆಗಳು ಸುರಿದವು. ನಾಣ್ಯಗಳು ಉದುರಿದವು. ನಾನು ಬೆನ್ನು ಹಾಕಿ ನಿಂತಿದ್ದರಿಂದ ‘ಇಲ್ಲಿ ಎಂಥ ಸಂಪತ್ತು ಐತಿ ನೋಡ್ರಿ, ನಾನು ದಿನಾ ರಾತ್ರಿ ಇಲ್ಲೇ ಇರ್ತೀನಿ’ ಎನ್ನುತ್ತಲೇ ಇದ್ದೆ. ಮುಂದಿನ ಸಾಲಿನಲ್ಲಿ ನನ್ನ ಬೀಗರು. ಸ್ಪೀಕರ್ ಬೇರೆ ಜೋಡಿಸಿದ್ದರಲ್ಲ, ಹೆಣ್ಣು ದನಿಯೊಂದು ನನ್ನನ್ನು ಹಿಂದಿಯಲ್ಲಿ ಆಟಕ್ಕೆ ಕರೆಯಿತು. ತಿರುಗಿ ನೋಡಿ, ಆರಿಸಲು ಹೋಗಿ, ‘ಈಗಲೇ ಆಡಿ’ ಎಂಬುದನ್ನೇ ಒತ್ತಿದೆ.

ಕಾರ್ಯಕ್ರಮ ಮುಗಿದ ಮೇಲೆ ಕಂಬದ ಮರೆಯಲ್ಲಿ ನಿಂತು ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದಾಗ ಹುಡುಗನೊಬ್ಬ ಮೆಲ್ಲಗೆ ಬಂದ. ‘ಸರ, ಆ ಲಿಂಕ್ ಒಂಚೂರು ಕಳಸ್ರಿ.’ ಇಷ್ಟು ವರ್ಷದಲ್ಲಿ ಯಾರಾದರೂ ತಾವಾಗಿ ಬಂದು ನನ್ನ ಹತ್ತಿರ ಲಿಂಕ್ ಕೇಳಿದ್ದು ಅದೇ ಮೊದಲು. ಕೈ ನಡುಗಿತು, ಗಡಿಬಿಡಿಯಲ್ಲಿ ಏನೋ ಒತ್ತಿ ಕಳಿಸಿದೆ. ಬಸ್ಸು ಹತ್ತಿ ನೋಡಿದರೆ ಹೋದದ್ದು ‘ಸಲ್ಲಾಪ’ದ ಬೇಂದ್ರೆ ಲೇಖನ. ನೀಲಿ ಗೆರೆ ಎರಡೂ ಬಿದ್ದಿವೆ. ಬೈಯಲು ಇನ್ನೂ ಫೋನು ಬಂದಿಲ್ಲ.