ಬೇಳೆ ಬೇಯಬೇಕಲ್ಲ

ಭಾನುವಾರ ಬೆಳಗ್ಗೆ ಏಳೂವರೆಗೆ ನಮ್ಮ ಭಾವ ಸ್ಕೂಟರ್ ಹೊರಗೆ ತೆಗೆದರೆಂದರೆ ಹನುಮಂತನಗರದ ಆ ಬೀದಿಗೆಲ್ಲ ಗೊತ್ತು, ಮನೆ ನೋಡೋಕೆ ಹೊರಟರು ಅಂತ. ಡಿಕ್ಕಿಯಲ್ಲಿ ಒಂದು ಅಳತೆ ಟೇಪು, ಒಂದು ದಿಕ್ಸೂಚಿ, ಎರಡು ಲೀಟರಿನ ಒಂದು ಖಾಲಿ ಬಾಟಲಿ. ಟೇಪು, ದಿಕ್ಸೂಚಿ ಬೇರೆಯವರೂ ಒಯ್ಯುತ್ತಾರೆ. ಬಾಟಲಿ ಮಾತ್ರ ಭಾವನ ಸ್ವಂತ ಸಂಶೋಧನೆ. ಅದಕ್ಕೆ ಆಮೇಲೆ ಬರುತ್ತೇನೆ.

ಅವರು ಸ್ವಂತ ಮನೆ ಹುಡುಕೋಕೆ ಶುರು ಮಾಡಿದ್ದು 1998ರಲ್ಲಿ. ಆಗ ಅಂಚೆ ಇಲಾಖೆಯಲ್ಲಿ ಇನ್ನೂ ಹದಿನೆಂಟು ವರ್ಷ ಸರ್ವೀಸ್ ಇತ್ತು. ಈಗ ಪೆನ್ಷನ್ ಬರುತ್ತಿದೆ. ಬಾಡಿಗೆ ಮನೆಯ ಓನರ್ ತೀರಿಕೊಂಡು ಅವರ ಮಗ ಓನರ್ ಆಗಿದ್ದಾನೆ. ಹುಡುಕಾಟ ನಡೆದೇ ಇದೆ. "ಮನೆ ಕಟ್ಟಿ ನೋಡು ಅಂತಾರಲ್ಲ, ನಿಮ್ಮ ಭಾವ ಅದರಲ್ಲಿ 'ಕಟ್ಟಿ' ಹೊಡೆದುಹಾಕಿ 'ನೋಡು' ಮಾತ್ರ ಇಟ್ಕೊಂಡಿದಾರೆ ಕಣೋ" ಅನ್ನುತ್ತಾಳೆ ಅಕ್ಕ.

ಹಾಗಂತ ಅವರ ಬೇಡಿಕೆ ದೊಡ್ಡದೇನಲ್ಲ. ಬಡಾವಣೆ ಸಿಟಿಯಿಂದ ಸ್ವಲ್ಪ ಹೊರಗಿರಬೇಕು, ಆದರೆ ನೆಲೆನಿಂತದ್ದಾಗಿರಬೇಕು. ಹೊಂಗೆ ಮರಗಳು ಎರಡಾಳೆತ್ತರ ಬೆಳೆದಿರಬೇಕು. ಗಣಪತಿ ದೇವಸ್ಥಾನ, ನಂದಿನಿ ಬೂತು, ಹಾಪ್‌ಕಾಮ್ಸ್, ಬೆಳಗ್ಗೆ ಆರಕ್ಕೇ ಬಾಗಿಲು ತೆಗೆಯುವ ಒಂದು ದರ್ಶಿನಿ, ಪಾರ್ಕಿನ ಬೆಂಚಿನ ಮೇಲೆ ಪೇಪರ್ ಓದುವ ನಾಲ್ಕು ಜನ ರಿಟೈರ್ಡ್ ಮಂದಿ. ದರ ಮಾತ್ರ ಇವೆಲ್ಲ ಬರುವುದಕ್ಕೆ ಮುಂಚಿನದಿರಬೇಕು. ಊರು ಊರಾಗಿರಬೇಕು, ರೇಟು ಹೊಲದ್ದಾಗಿರಬೇಕು.

ಭಾವ ನೋಡುವ ಕ್ರಮವನ್ನು ಮಾತ್ರ ಮೆಚ್ಚಲೇಬೇಕು. ಬ್ರೋಕರ್ ಕರೆದುಕೊಂಡು ಹೋದ ಮನೆಗೆ ಅವರು ನೆಟ್ಟಗೆ ಹೋಗುವುದೇ ಇಲ್ಲ. ಮೊದಲು ಬೀದಿ ತುದಿಯ ಇಸ್ತ್ರಿ ಗಾಡಿ. ಒಂದು ಶರ್ಟು ಕೊಟ್ಟು ನಿಲ್ಲುತ್ತಾರೆ. ಶರ್ಟು ಹನುಮಂತನಗರದಿಂದಲೇ ಬಂದಿರುತ್ತದೆ. ಅದರ ತೋಳು ಮಡಿಸುವಷ್ಟರಲ್ಲಿ ಯಾವ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ, ಯಾರ ಮಗ ಅಮೆರಿಕದಲ್ಲಿ, ನೀರು ವಾರಕ್ಕೆ ಎಷ್ಟು ಸಲ, ಯಾವ ಮನೆ ಬಾಡಿಗೆಗೆ ಯಾರೂ ನಿಲ್ಲುತ್ತಿಲ್ಲ, ಎಲ್ಲ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಜೋರು ಮಳೆ ಹೊಯ್ದ ಸಂಜೆಯೇ ರೈನ್‌ಕೋಟ್ ಹಾಕಿಕೊಂಡು ಹೊರಡುತ್ತಾರೆ. ರಾಜಕಾಲುವೆ ಎಲ್ಲಿತ್ತು ಅನ್ನುವುದು ನಕ್ಷೆಗಿಂತ ಕಾಂಪೌಂಡ್ ಗೋಡೆಯ ಮೇಲಿನ ಕೆಸರಿನ ಗೆರೆಗೆ ಚೆನ್ನಾಗಿ ಗೊತ್ತಂತೆ. ಈ ಮಾತು ನಿಜ. ಬೆಂಗಳೂರಲ್ಲಿ ಮನೆ ಕೊಳ್ಳುವವರೆಲ್ಲ ಇದೊಂದನ್ನು ಅವರಿಂದ ಕಲಿಯಬಹುದು.

"ಮೆಟ್ರೋಗೆ ಐದೇ ನಿಮಿಷ ಸಾರ್" ಅಂದ ಒಬ್ಬ ಬ್ರೋಕರನನ್ನು ಭಾವ ಬಿಸಿಲಲ್ಲಿ ಜೊತೆಗೇ ನಡೆಸಿಕೊಂಡು ಹೋದರು. ಇಪ್ಪತ್ತಮೂರು ನಿಮಿಷ ಆಯಿತು. "ಐದು ನಿಮಿಷ ಯಾರಿಗಪ್ಪಾ, ಆಂಬುಲೆನ್ಸ್‌ಗಾ?" ಅಂತ ಕೇಳಿದರು. ಅವನು ಆಮೇಲೆ ಇವರ ಫೋನ್ ಎತ್ತಲಿಲ್ಲ.

ಇನ್ನು ಕಾಗದಪತ್ರ. ಮೂಲಪತ್ರ, ಮೂವತ್ತು ವರ್ಷದ ಇ.ಸಿ., ಭೂಪರಿವರ್ತನೆ ಆದೇಶ, ಖಾತಾ, ಕಂದಾಯದ ರಸೀದಿ, ಇವನ್ನು ಭಾವ ಜನ ಪತ್ತೇದಾರಿ ಕಾದಂಬರಿ ಓದುವಂತೆ ಓದುತ್ತಾರೆ. ವಂಶವೃಕ್ಷಕ್ಕೆ ಬಂದರಂತೂ ಕಾಫಿ ಆರಿಹೋಗುತ್ತದೆ. "ನೋಡಯ್ಯ, ಅಜ್ಜನಿಗೆ ಮೂರು ಗಂಡು, ಎರಡು ಹೆಣ್ಣು. ಕ್ರಯಪತ್ರದಲ್ಲಿ ಗಂಡುಮಕ್ಕಳ ಸಹಿ ಮಾತ್ರ ಇದೆ. ಹೆಣ್ಣುಮಕ್ಕಳೆಲ್ಲಿ?" 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅನ್ನುವುದನ್ನು ನಮ್ಮ ಕುಟುಂಬದಲ್ಲಿ ಮೊದಲು ತಿಳಿದುಕೊಂಡವರು ಭಾವ. ಯಾವುದೋ ಹಳ್ಳಿಯ, ಮುಖವನ್ನೇ ನೋಡದ ಆ ಇಬ್ಬರು ಹೆಂಗಸರ ಪರವಾಗಿ ಅವರು ಎಷ್ಟು ಮನೆ ಬಿಟ್ಟಿದ್ದಾರೋ ಲೆಕ್ಕವಿಲ್ಲ. ನಮ್ಮಕ್ಕನೂ ಹೆಣ್ಣೇ, ಅವಳಿಗೂ ಒಂದು ಮನೆ ಬೇಕು ಅನ್ನುವುದು ಆ ಹೊತ್ತಿಗೆ ನೆನಪಾಗುವುದಿಲ್ಲ ಅಷ್ಟೆ.

2009ರಲ್ಲಿ ಕೆಂಗೇರಿ ಉಪನಗರದಲ್ಲಿ ಒಂದು ಮನೆ ಸಿಕ್ಕಿತ್ತು. ಮೂವತ್ತು-ನಲವತ್ತು ಸೈಟು, ಹನ್ನೆರಡು ಚದರ, ಪೂರ್ವದ ಬಾಗಿಲು, ಹಿತ್ತಲಲ್ಲಿ ಕರಿಬೇವಿನ ಗಿಡ. ಹೆಣ್ಣುಮಕ್ಕಳ ಸಹಿಯೂ ಇತ್ತು. ಅಕ್ಕ ಮನಸ್ಸಿನಲ್ಲೇ ದೇವರ ಮನೆ ಜೋಡಿಸಿಟ್ಟಿದ್ದಳು. ಭಾವ ಮಾಳಿಗೆ ಹತ್ತಿ ಮೂಗು ಮೇಲೆತ್ತಿ ಐದು ನಿಮಿಷ ನಿಂತರು. "ಗಾಳಿ ಈ ಕಡೆ ತಿರುಗಿದಾಗ ವೃಷಭಾವತಿ ಬರ್ತಾಳೆ" ಅಂದರು. ಜೊತೆಗೆ ದೂರ ಬೇರೆ. ಆ ಮನೆ ಹೋಯಿತು. 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೋ ಬಂದ ವಾರವೇ ಭಾವ ಹೊಸ ರೈಲಿನಲ್ಲಿ ಕೂತು ಅಲ್ಲಿಗೆ ಹೋಗಿಬಂದರು. ಮನೆಯ ಈಗಿನ ಬೆಲೆ ಕೇಳಿಕೊಂಡು ಬಂದು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ವಾಸನೆ ಇನ್ನೂ ಇದೆ" ಅಂದರು.

ಈಗ ಬಾಟಲಿಯ ವಿಷಯ.

2012ರಲ್ಲಿ ಕನಕಪುರ ರಸ್ತೆಯ ಕಡೆ, ನೌಕರರ ಗೃಹನಿರ್ಮಾಣ ಸಂಘದ ಒಂದು ಹಳೇ ಬಡಾವಣೆಯಲ್ಲಿ ಭಾವ ಒಂದು ಮನೆ ನೋಡಿದರು. ಇಸ್ತ್ರಿಯವನು ಪಾಸ್ ಮಾಡಿದ್ದ. ಮಳೆಯೂ ಪಾಸ್ ಮಾಡಿತ್ತು. ಉಳಿದದ್ದು ಬೋರ್‌ವೆಲ್ ನೀರು. ಬಾಟಲಿ ತುಂಬಿಸಿಕೊಂಡು ಮನೆಗೆ ತಂದರು. ಅಕ್ಕ ಒಂದು ಪಾವು ತೊಗರಿಬೇಳೆಯನ್ನು ಸಮನಾಗಿ ಎರಡು ಪಾತ್ರೆಗೆ ಹಾಕಿದಳು. ಒಂದಕ್ಕೆ ನಲ್ಲಿಯ ಕಾವೇರಿ ನೀರು, ಇನ್ನೊಂದಕ್ಕೆ ಬಾಟಲಿ ನೀರು. ಎರಡೂ ಒಂದೇ ಕುಕ್ಕರಿನಲ್ಲಿ, ಮೂರು ಕೂಗು. ಭಾವ ಅಡಿಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು, ಹೆರಿಗೆ ವಾರ್ಡಿನ ಹೊರಗೆ ಕೂತ ಹಾಗೆ. ಮುಚ್ಚಳ ತೆಗೆದರೆ ಕಾವೇರಿಯ ಬೇಳೆ ಬೆಣ್ಣೆಯಾಗಿತ್ತು. ಇನ್ನೊಂದು ಕಾಳು ಕಾಳಾಗಿ ನಿಂತಿತ್ತು. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಟ್ಯೂಬ್‌ಲೈಟಿಗೆ ಹಿಡಿದು, "ಗಡಸು ನೀರು, ಬೇಡ" ಅಂದರು.

"ಬೇಳೆಗೋಸ್ಕರ ಮನೆ ಬಿಡ್ತೀರಾ ಭಾವ?" ಅಂದೆ.

"ಮನೆ ಒಂದು ಸಲ ತಗೊಳ್ಳೋದು ಕಣಯ್ಯ. ಬೇಳೆ ದಿನಾ ಬೇಯಬೇಕು."

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡು ಅನ್ನುವ ಓನರ್ ಮಾತ್ರ ಇದ್ದ. ಆ ಮನೆಯನ್ನು ನಾನೇ ತೆಗೆದುಕೊಂಡೆ. ದಕ್ಷಿಣದ ಬಾಗಿಲು ಅಂತ ಇನ್ನಿಬ್ಬರೂ ಬಿಟ್ಟುಹೋಗಿದ್ದರಿಂದ ಮಾರುವವರು ಎರಡು ಲಕ್ಷ ಇಳಿಸಿದರು. ವಾಸ್ತುವಿನಿಂದ ನನಗೆ ಆಗಿರುವ ಲಾಭ ಅದೊಂದೇ. ಮುಂದೆ ಹನ್ನೆರಡು ವರ್ಷ ನಾವು ಬೇಳೆ ನೆನೆಸಿಟ್ಟು, ಕ್ಯಾನ್ ನೀರು ಹಾಕಿ ಬೇಯಿಸಿದೆವು. ಭಾವ ಬಂದಾಗಲೆಲ್ಲ ಕೂಗು ಎಣಿಸುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇರುವುದರಲ್ಲಿ ಅವರು ಬಹಳ ಅನ್ನುತ್ತಾರೆ.

2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದರಲ್ಲ, ನಮ್ಮ ಬಡಾವಣೆ ಎದ್ದದ್ದು ಆ ಹಳ್ಳಿಗಳ ಪೈಕಿ ಒಂದರ ಹೊಲದಲ್ಲಿ. ಊರು ಬೆಂಗಳೂರಾಯಿತು, ನೀರು ಆಗಿರಲಿಲ್ಲ. 2021ರ ಜನವರಿಯಲ್ಲಿ ಮೆಟ್ರೋ ಯಲಚೇನಹಳ್ಳಿ ದಾಟಿ ರೇಷ್ಮೆ ಸಂಸ್ಥೆಯವರೆಗೆ ಬಂತು. 2024ರ ಅಕ್ಟೋಬರ್‌ನಲ್ಲಿ, ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಕೆಲವು ತಿಂಗಳಿಗೆ ನಮ್ಮ ನಲ್ಲಿಯೂ ಕೆಮ್ಮಿ, ಉಗಿದು, ತೊಟ್ಟಿಕ್ಕಿತು.

ಮುಂದಿನ ಭಾನುವಾರವೇ ಅಕ್ಕ-ಭಾವನನ್ನು ಊಟಕ್ಕೆ ಕರೆದೆ. ನುಗ್ಗೇಕಾಯಿ ಹುಳಿ. ಭಾವ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದರು. ಎರಡನೇ ತುತ್ತಿಗೆ ಅಡಿಗೆಮನೆ ಕಡೆ ನೋಡಿದರು. "ಕಾವೇರಿನಾ?" ಅಂದರು. ಹೂಂ ಅಂದೆ. ಊಟ ಮುಗಿಸಿ, ಕೈತೊಳೆದು, ಗೇಟಿನ ಹೊರಗೆ ಹೋಗಿ ನಮ್ಮ ಮನೆಯನ್ನು ಬಹಳ ಹೊತ್ತು ನೋಡಿದರು.

"ಈಗೇನು ರೇಟು ಇಲ್ಲಿ?"

ಹೇಳಿದೆ.

"ಜಾಸ್ತಿ ಆಯ್ತು" ಅಂದರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಹಳೇ ಮನೆ ಏನಾದರೂ ಮಾರಾಟಕ್ಕಿದ್ದರೆ ತಿಳಿಸಿ. ಪೂರ್ವ ಇಲ್ಲವೇ ಉತ್ತರದ ಬಾಗಿಲು, ಎ ಖಾತಾ, ಹೆಣ್ಣುಮಕ್ಕಳ ಸಹಿ ಇರಬೇಕು. ದರ 1998ರದ್ದಾದರೆ ಒಳ್ಳೆಯದು. ನೋಡೋಕೆ ಭಾನುವಾರ ಮಾತ್ರ ಬರುತ್ತಾರೆ. ಬಾಟಲಿ ಅವರೇ ತರುತ್ತಾರೆ.